ಟ್ರಾನ್ಸ್‌ಜೆಂಡರ್ ಆಗಿರುವುದು ಮಾನಸಿಕ ಕಾಯಿಲೆಯೇ?

ಮಗ ತಾನು ಹೆಣ್ಣೆಂದು ಹೇಳುತ್ತಿದ್ದಾನೆ, ಮನೋವೈದ್ಯರಿಂದ ಔಷಧ ಕೊಡಿಸಬೇಕೇ ಎಂದು ಮಂಡ್ಯದ ತಾಯಿಯೊಬ್ಬರು ಕೇಳಿದ್ದಾರೆ. ಬೇಡಮ್ಮ, ಅದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗ ವರ್ಗೀಕರಣದಲ್ಲಿ ಇದನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ತೆಗೆದು, ಹಾರ್ಮೋನ್ ಅಥವಾ ಶಸ್ತ್ರಚಿಕಿತ್ಸೆ ಬಯಸುವವರಿಗೆ ಆ ದಾರಿ ಮುಚ್ಚದಿರಲೆಂದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಲಾಗಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಯೂ 2013ರಲ್ಲೇ ‘ಅಸ್ವಸ್ಥತೆ’ ಎಂಬ ಹೆಸರನ್ನು ಕೈಬಿಟ್ಟು, ದೇಹಕ್ಕೂ ಗುರುತಿಗೂ ಹೊಂದಿಕೆಯಾಗದಾಗ ಹುಟ್ಟುವ ಸಂಕಟವನ್ನಷ್ಟೇ ಉಳಿಸಿಕೊಂಡಿತು.

ಸಂಕಟವನ್ನು ಹೆಚ್ಚಿಸುವವರು ಬಹಳಷ್ಟು ಸಲ ಸುತ್ತಲಿನವರೇ. ಮೈಸೂರಿನ ಸಿಟಿ ಬಸ್ಸಿನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಬರುವುದನ್ನು ಕಂಡಿದ್ದೇನೆ. ಮಗು ಊಟ, ನಿದ್ದೆ ಬಿಟ್ಟಿದ್ದರೆ ಖಂಡಿತ ಮನೋವೈದ್ಯರನ್ನು ಕಾಣಿರಿ. ಆದರೆ ಆ ನೋವಿಗೆ ಚಿಕಿತ್ಸೆ ಕೇಳಿರಿ, ಮಗುವನ್ನು ಬದಲಾಯಿಸಿಕೊಡಿ ಎಂದು ಕೇಳಬೇಡಿರಿ.