ಟಿವಿ, ಪೇಪರ್ ಗ್ರಾಫ್‌ಗಳಲ್ಲಿ ನಂಬರ್ ಒಂದು ಹೇಳಿದ್ರೆ ಚಿತ್ರ ಇನ್ನೊಂದು ಹೇಳುತ್ತಲ್ಲ, ಬೇಕಂತ್ಲೇ ಮಾಡ್ತಾರಾ?

ನಾನು ದಾವಣಗೆರೆಲಿ ಹದಿನಾರು ವರ್ಷದಿಂದ ಡಿಟಿಪಿ ಕೆಲಸ ಮಾಡ್ತಿದೀನಿ, ಲಗ್ನಪತ್ರಿಕೆಯಿಂದ ಹಿಡಿದು ಬ್ರೋಷರ್ ತನಕ, ಹಂಗಾಗಿ ಕಳ್ಳನ ಕಡೆಯಿಂದ್ಲೇ ಉತ್ತರ ಕೊಡ್ತೀನಿ. ಬೇಕಂತ ಮಾಡೋರೂ ಇದ್ದಾರೆ, ಆದ್ರೆ ನಾನು ನೋಡಿದಂಗೆ ಜಾಸ್ತಿ ಪಾಲು ಅವಸರ, ರೆಡಿಮೇಡ್ ಟೆಂಪ್ಲೇಟು, ಮತ್ತೆ "ನಂಬರ್ ಸರಿ ಐತಲ್ಲ, ಇನ್ನೇನು" ಅನ್ನೋ ಉಡಾಫೆ. ನಂಬರ್ ಸರೀನೇ ಇರುತ್ತೆ. ಅದಕ್ಕೆ ತೊಡಿಸಿದ ಆಕಾರ ಸುಳ್ಳು ಹೇಳುತ್ತೆ.

ನಮ್ಮೂರು ಹಿರಿಯೂರ ಹತ್ರ, ವಾಣಿವಿಲಾಸ ಸಾಗರ ಡ್ಯಾಮಿನ ಅಚ್ಚುಕಟ್ಟು, ಆ ಡ್ಯಾಮ್‌ಗೆ ನಮ್ ಕಡೆ ಮಾರಿಕಣಿವೆ ಅಂತೀವಿ. ಪೂರ್ತಿ ಮಟ್ಟ 130 ಅಡಿ. ಮಳೆಗಾಲ ಬಂತಂದ್ರೆ ಟಿವಿಲಿ ಒಂದು ಚೌಕದ ಟ್ಯಾಂಕ್ ಬರೆದು ಅದಕ್ಕೆ ನೀಲಿ ಬಣ್ಣ ತುಂಬಿಸ್ತಾರಲ್ಲ, ಆ ಲೆಕ್ಕದಲ್ಲಿ 60 ಅಡಿ ನೀರಿದ್ರೆ ಹೆಚ್ಚುಕಮ್ಮಿ ಅರ್ಧ ಟ್ಯಾಂಕ್ ನೀಲಿ, ಬೆಂಗಳೂರಲ್ಲಿ ಕೂತು ನೋಡಿದೋರು "ಪರವಾಗಿಲ್ಲ, ಅರ್ಧ ಐತೆ" ಅನ್ಕೊಂಡು ಚಾನೆಲ್ ಚೇಂಜ್ ಮಾಡ್ತಾರೆ. ನಮ್ಗೆ 60 ಅಡಿ ಅಂದ್ರೆ ಡೆಡ್ ಸ್ಟೋರೇಜ್ ಕಣ್ರಿ, ಕಾಲುವೆಗೆ ಬಿಡೋಕಾಗದ ತಳದ ನೀರು. ತೋಟಕ್ಕೆ ನೀರು ಬಿಡೋ ಮಾತೇ ಇಲ್ಲ, ತೆಂಗಿನ ಸುಳಿ ಒಣಗೋ ಟೈಮು. ಯಾಕಂದ್ರೆ ಡ್ಯಾಮ್ ಚೌಕದ ಟ್ಯಾಂಕ್ ಅಲ್ಲ, ಎರಡು ಗುಡ್ಡದ ಮಧ್ಯೆ ಕಟ್ಟಿದ್ದು, ಕೆಳಗೆ ಕಿರಿದು ಮೇಲೆ ಹೋದಂಗೆ ಅಗಲ. ಕಡ್ಲೆಕಾಯಿ ಪೊಟ್ಣ ನೆನಪು ಮಾಡ್ಕೊಳ್ಳಿ, ಚೂಪು ಕೆಳಗೆ. ಅದರ ಅರ್ಧ ಎತ್ತರಕ್ಕೆ ತುಂಬಿದ್ರೆ ಬರೋದು ಎಂಟನೇ ಒಂದು ಪಾಲು ಅಷ್ಟೇ, ಅದನ್ನ ಕೊಟ್ಟು ಅರ್ಧ ದುಡ್ಡು ಇಸ್ಕೊಂಡ್ರೆ ಸುಮ್ನೆ ಬಿಡ್ತೀರಾ? ಡ್ಯಾಮ್ ಪೊಟ್ಣದಷ್ಟು ನೀಟಾಗಿರಲ್ಲ ನಿಜ, ಆದ್ರೆ ಮೋಸದ ದಿಕ್ಕು ಅದೇ. ಭದ್ರಾದೂ ಹಂಗೇ, ಪೂರ್ತಿ 186 ಅಡಿ, 71.5 ಟಿಎಂಸಿ. 180ಕ್ಕೆ ಬಂದ ದಿನ ಚಿತ್ರದಲ್ಲಿ ಟ್ಯಾಂಕ್ ತುಂಬೇ ಹೋಗಿರುತ್ತೆ, ಆದ್ರೆ ಮಲೇಬೆನ್ನೂರು ಕಡೆ ಕೊನೇ ಭಾಗದ ಭತ್ತದೋರು ಕಾಯೋದೇ ಆ ಕೊನೆಯ 6 ಅಡಿಗೆ, ಒಂದೊಂದು ಅಡಿಗೂ ಜಾಸ್ತಿ ನೀರು ಹಿಡಿಯೋದು ಅಲ್ಲೇ.

ಇದಕ್ಕಿಂತ ಪೇಪರ್ ಮೂಲೇಲಿ ಬರೋ ಆ ಬೋಳು ಕೋಷ್ಟಕನೇ ಎಷ್ಟೋ ವಾಸಿ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನ. ಆ ಕೊನೇ ಕಾಲಂ ಹಾಕಿದೋನಿಗೆ ಒಂದು ನಮಸ್ಕಾರ. 2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತು, 1933 ಆದ್ಮೇಲೆ 89 ವರ್ಷಕ್ಕೆ. ಎಲ್ರೂ ಡ್ರೋನ್ ವಿಡಿಯೋ ಹಾಕಿದ್ದೇ ಹಾಕಿದ್ದು, ಆ 89 ವರ್ಷದ ನೀರಿನ ಮಟ್ಟನ ಒಂದೇ ಒಂದು ಗೆರೆಯಾಗಿ ಎಳೆದು ತೋರಿಸಿದ್ದು ನನ್ ಕಣ್ಣಿಗಂತೂ ಬೀಳಲಿಲ್ಲ.

ಚುನಾವಣೆ ಮ್ಯಾಪ್ ಬಗ್ಗೆ ಎಲ್ರಿಗೂ ಗೊತ್ತಿರೋದೇ. ಚಿತ್ರದುರ್ಗ ಜಿಲ್ಲೆಲಿ 6 ಕ್ಷೇತ್ರ, ಬೆಂಗಳೂರು ನಗರ ಜಿಲ್ಲೆಲಿ 28, ಮ್ಯಾಪಲ್ಲಿ ನಮ್ದು ಅದರ ಮೂರುಪಟ್ಟಿಗಿಂತ ದೊಡ್ಡದು, ಅಂದ್ರೆ ಬಣ್ಣ ಬಳಿದಿದ್ದು ನೆಲಕ್ಕೆ, ಮತಕ್ಕಲ್ಲ. ಇನ್ನೂ ದೊಡ್ಡ ತಮಾಷೆ 2018, 2023 ಮ್ಯಾಪ್ ಎರಡೂ ಪಕ್ಕಪಕ್ಕ ಇಟ್ಟಾಗ. ಬಿಜೆಪಿ ಸೀಟು 104ರಿಂದ 66ಕ್ಕೆ ಇಳೀತು, ಕೇಸರಿ ಬಣ್ಣ ಯಾರೋ ಒರೆಸಿಬಿಟ್ಟಂಗೆ ಕಾಣುತ್ತೆ, ಆದ್ರೆ ಮತ ಸುಮಾರು ಶೇ 36 ಇದ್ದಿದ್ದು ಶೇ 36ರಲ್ಲೇ ಉಳೀತು. ಕಾಂಗ್ರೆಸ್ಸು ಶೇ 38ರಿಂದ ಹತ್ರ ಹತ್ರ ಶೇ 43ಕ್ಕೆ ಏರಿ 80 ಇದ್ದಿದ್ದು 135 ಆಯ್ತು. ಆ ಮ್ಯಾಪ್ ಒಂದನ್ನೇ ನೋಡಿ ಅರಳಿಕಟ್ಟೆ ಮೇಲೆ ಕೂತು "ಜನ ಬಿಜೆಪಿ ಕೈಬಿಟ್ರು" ಅಂತ ಭಾಷಣ ಬಿಗಿದೋರು ಎಷ್ಟು ಜನಾನೋ, ನಾನೂ ಅದ್ರಲ್ಲೊಬ್ಬ.

ಮಳೆ ಮ್ಯಾಪ್ ಅಂತೂ ಕೇಳ್ಲೇಬೇಡಿ. ಹವಾಮಾನ ಇಲಾಖೆ ಲೆಕ್ಕದಲ್ಲಿ ವಾಡಿಕೆಗಿಂತ ಶೇ 19 ಕಡಿಮೆ ತನಕ ಹಸಿರು, ಶೇ 20 ಆದ ತಕ್ಷಣ ಕೆಂಪು. ಆಮೇಲೆ ಶೇ 60 ದಾಟಿತು ಅಂದ್ರೆ ಇನ್ನೂ ಕಡುಗೆಂಪು ಆಗ್ಬೇಕಲ್ವಾ? ಇಲ್ಲ, ಹಳದಿ! ಬಣ್ಣ ಮಾತ್ರ ನೋಡೋನಿಗೆ ಹಳದಿ ಜಿಲ್ಲೆ ಕೆಂಪು ಜಿಲ್ಲೆಗಿಂತ ಚೆನ್ನಾಗಿದೆ ಅನ್ಸುತ್ತೆ, ನಿಜ ಪೂರಾ ಉಲ್ಟಾ. ಇನ್ನು ಚಳ್ಳಕೆರೆ ಥರ ವಾಡಿಕೆ ಮಳೆನೇ ಕಡಿಮೆ ಇರೋ ಕಡೆ ಒಂದು ರಾತ್ರಿ ಜೋರು ಸುರಿದ್ರೆ ಸಾಕು, ಆ ವಾರ ಕಡುನೀಲಿ, ಅಂದ್ರೆ ವಾಡಿಕೆಗಿಂತ ಭಾರಿ ಜಾಸ್ತಿ. ಮಿಕ್ಕಿದ ಆರು ದಿನ ಶೇಂಗಾ ಬಾಡಿದ್ದು ಎಲ್ಲೂ ಕಾಣಲ್ಲ.

ನನ್ನ ಪಾಪನೂ ಹೇಳಿಬಿಡ್ತೀನಿ. ಒಂದು ಕಾಲೇಜಿನೋರು ಬ್ರೋಷರ್‌ಗೆ ಮೂರು ವರ್ಷದ ರಿಸಲ್ಟ್ ತಂದ್ರು, 82, 84, 87. ಸೊನ್ನೆಯಿಂದ ಕಂಬ ಎಳೆದೆ, ಮೂರೂ ಒಂದೇ ಥರ ಕಂಡ್ವು. "ಏನ್ರಿ ಇದು, ಬೆಳವಣಿಗೇನೇ ಕಾಣ್ತಿಲ್ಲ" ಅಂದ್ರು. 80ರಿಂದ ಶುರು ಮಾಡ್ದೆ. ಮೊದಲ ಕಂಬ 2, ಕೊನೇದು 7, ಅಂದ್ರೆ ಮೂರೂವರೆ ಪಟ್ಟು! ಖುಷಿಯಾಗಿ ಟೀ ಕುಡಿಸಿ ಹೋದ್ರು. ಮುಂದಿನ ವರ್ಷ ರಿಸಲ್ಟ್ 83ಕ್ಕೆ ಇಳೀತು. ಅದೇ ಮನುಷ್ಯ ಬಂದು ಚೇರ್ ಎಳ್ಕೊಂಡು ಕೂತು ಮೆಲ್ಲಗೆ ಅಂದ್ರು, "ಈ ಸಲ ಸೊನ್ನೆಯಿಂದ್ಲೇ ಶುರು ಮಾಡ್ರಿ."