ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಯೇ?

ತಿಪಟೂರಿನ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ನನಗೆ 61 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ನಡೀತಿದೆ. ಎಡಗಡೆ ಮೇಲಿನ ದವಡೆ ಹಲ್ಲು ಎರಡು ತಿಂಗಳು ಜೀವ ತಿಂದಿತು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮಾತ್ರೆ ತಗೊಂಡೆ, ಈಗ ನೋವು ಪೂರ್ತಿ ನಿಂತಿದೆ. ಡಾಕ್ಟರು ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಅಂದಿದ್ದರು. ದುಡ್ಡು ದಂಡ, ಕೀಳಿಸಿಬಿಡಿ ಅಂತ ಪಕ್ಕದ ಮನೆಯವರು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ ಅಂತ ನಮ್ಮತ್ತೆ. ಹಿಂದೊಮ್ಮೆ ಹಲ್ಲಿಗೆ ಇಂಜೆಕ್ಷನ್ ಕೊಟ್ಟಾಗ ಎದೆ ಡವಡವ ಹೊಡೆದುಕೊಂಡು ಸತ್ತೇ ಹೋದೆ ಅನ್ನಿಸಿತ್ತು. ನಮ್ಮ ಯಜಮಾನರಿಗೆ ಹಲ್ಲು ಕ್ಲೀನ್ ಮಾಡಿಸಿದ ಮೇಲೆ ಹಲ್ಲೆಲ್ಲ ಸಡಿಲವಾಯಿತು. ಯಾರ ಮಾತು ಕೇಳಲಿ?"

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ನೀವು ನೆಮ್ಮದಿಯಿಂದ ಬರೆದ ಸಾಲೇ: "ಈಗ ನೋವು ಪೂರ್ತಿ ನಿಂತಿದೆ."

ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಗೆ ಹತ್ತಿರವಾದಂತೆ ಮೊದಲು ತಣ್ಣೀರಿಗೆ ಜುಮ್ಮೆನ್ನುತ್ತದೆ. ಆಮೇಲೆ ಬಿಸಿ ಕಾಫಿ ಕುಡಿದರೆ ಶುರುವಾದ ನೋವು ಲೋಟ ತೊಳೆದಿಟ್ಟ ಮೇಲೂ ಬಿಡುವುದಿಲ್ಲ. ಕೊನೆಗೆ ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಸಾಕು, ಮಿಡಿಯತೊಡಗುತ್ತದೆ. ಇಷ್ಟೆಲ್ಲ ಆದ ಹಲ್ಲು ಒಂದು ದಿನ ಸುಮ್ಮನಾಯಿತೆಂದರೆ ಅದು ವಾಸಿಯಾಗಿರುವುದಕ್ಕಿಂತ ತಿರುಳು ಸತ್ತಿರುವ ಸಂಭವವೇ ಹೆಚ್ಚು. ನೋವು ಹೇಳುವ ನರ ಹೋಯಿತು, ಸೋಂಕು ಹೋಗಲಿಲ್ಲ. ಅದು ಬೇರಿನ ತುದಿಯಿಂದ ಎಲುಬಿಗೆ ಹಬ್ಬಿ ಅಲ್ಲಿ ಕೀವು ಕಟ್ಟುತ್ತದೆ. ಇದಕ್ಕೆ ಆ್ಯಂಟಿಬಯಾಟಿಕ್ ಸಾಲದು. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ರಕ್ತ ಹೋಗದ ಕಡೆ ಮಾತ್ರೆಯೂ ಹೋಗುವುದಿಲ್ಲ. ಆ ತಿರುಳನ್ನು ತೆಗೆದು, ಒಳಗನ್ನು ಶುಚಿಮಾಡಿ ತುಂಬಿ ಮುಚ್ಚುವುದೇ ರೂಟ್ ಕೆನಾಲ್; ಇಲ್ಲವೇ ಹಲ್ಲನ್ನೇ ಕೀಳಿಸಬೇಕು. ಇನ್ನು ಚೀಟಿಯಿಲ್ಲದೆ ಕೊಳ್ಳುವ ನೋವಿನ ಮಾತ್ರೆ. ಸಕ್ಕರೆ ಕಾಯಿಲೆ ಇರುವವರು ಮೂತ್ರಪಿಂಡದ ಬಗ್ಗೆ ಯೋಚಿಸದೆ ಅದನ್ನು ತಿಂಗಳುಗಟ್ಟಲೆ ನುಂಗಬಾರದು.

ನಿಮ್ಮತ್ತೆಯವರ ಮಾತಿಗೆ ಬರುತ್ತೇನೆ. ಈ ಮಾತು ಕೇಳದ ಮನೆ ನಮ್ಮ ಕಡೆ ಇರಲಾರದು. ಮೇಲಿನ ಹಲ್ಲುಗಳಿಗೆ ಸಂವೇದನೆ ಕೊಡುವುದು ಮುಖದ ಟ್ರೈಜೆಮಿನಲ್ ನರದ ಒಂದು ಕವಲು. ದೃಷ್ಟಿಯ ನರ ಬೇರೆಯೇ. ಕಣ್ಣಿನ ಹಿಂದಿನಿಂದ ನೇರ ಮೆದುಳಿಗೆ ಹೋಗುತ್ತದೆ. ಹಲ್ಲು ಕಿತ್ತರೆ ಅದಕ್ಕೆ ಏನೂ ಆಗುವುದಿಲ್ಲ. ಆದರೂ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ ಅನ್ನಿಸುತ್ತದೆ. ಆ ಟ್ರೈಜೆಮಿನಲ್ ನರದ್ದೇ ಇನ್ನೊಂದು ಕವಲು ಕಣ್ಣಿನ ಸುತ್ತ ಇರುವುದರಿಂದ ಮೇಲಿನ ಹಲ್ಲಿನ ನೋವು ಕಣ್ಣಿನವರೆಗೂ ಸೆಳೆಯುತ್ತದೆ. ಜೊತೆಗೆ, ಹಲ್ಲು ಕೀಳಿಸುವ ವಯಸ್ಸೂ ಕಣ್ಣಿಗೆ ಪೊರೆ ಬರುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಆರು ತಿಂಗಳ ಹಿಂದೆ ಹಲ್ಲು ಕೀಳಿಸಿದವರಿಗೆ ಕಣ್ಣು ಮಂಜಾದರೆ ಯಾರನ್ನು ದೂರುತ್ತಾರೆ, ಹೇಳಿ. ನಿಜವಾಗಿ ಅಪರೂಪಕ್ಕಾದರೂ ಕಣ್ಣಿಗೆ ಅಪಾಯ ತರುವುದು ಹಾಗೇ ಬಿಟ್ಟ ಹಲ್ಲು. ಮೇಲ್ದವಡೆಯ ಕೀವು ಕೆನ್ನೆಯಿಂದ ಕಣ್ಣಿನ ಗೂಡಿಗೂ ಏರಬಲ್ಲದು.

ಕೀಳಿಸಬೇಕೋ ಉಳಿಸಬೇಕೋ? ಪಕ್ಕದ ಮನೆಯವರು ಲೆಕ್ಕ ಹಾಕಿದ್ದು ಅರ್ಧ ಮಾತ್ರ. ಕೀಳಿಸುವುದು ಅಗ್ಗ, ನಿಜ. ಆದರೆ ಖಾಲಿ ಜಾಗಕ್ಕೆ ಹಿಂದಿನ ಹಲ್ಲು ವಾಲುತ್ತದೆ, ಎದುರಿನ ಕೆಳಹಲ್ಲು ಮೇಲೇಳುತ್ತದೆ. ಅದನ್ನು ತುಂಬಿಸಲು ಬ್ರಿಡ್ಜ್ (ಅಕ್ಕಪಕ್ಕದ ಹಲ್ಲಿನ ಆಸರೆಗೆ ಕೂರಿಸುವ ಕಟ್ಟು ಹಲ್ಲು) ಅಥವಾ ಇಂಪ್ಲಾಂಟ್ (ಎಲುಬಿಗೇ ತಿರುಪು ಕೂರಿಸಿ ಹಾಕುವ ಹಲ್ಲು) ಅಂತ ಹೊರಟರೆ ರೂಟ್ ಕೆನಾಲೇ ವಾಸಿಯಿತ್ತು ಅನ್ನಿಸುತ್ತದೆ. ಕ್ಯಾಪ್ ಕೂಡ ಬಿಲ್ ಬೆಳೆಸಲು ಹೇಳಿದ್ದಲ್ಲ. ಹುಳುಕು ತಿಂದು, ಒಳಗೂ ಕೊರೆಸಿಕೊಂಡ ದವಡೆ ಹಲ್ಲು ಚಕ್ಕುಲಿ ಕಡಿಯುವಾಗ ಸೀಳಿಬಿಡಬಹುದು. ಹಾಗಂತ ಎಲ್ಲ ಹಲ್ಲನ್ನೂ ಉಳಿಸಲೇಬೇಕೆಂದಿಲ್ಲ. ವಸಡಿನ ಕೆಳಗಿನವರೆಗೂ ಒಡೆದಿದ್ದರೆ, ಚೆನ್ನಾಗಿ ಅಲ್ಲಾಡುತ್ತಿದ್ದರೆ, ಅಥವಾ ಕಟ್ಟಕಡೆಯ ಹಲ್ಲಾಗಿದ್ದು ಅದಕ್ಕೆ ಎದುರು ಹಲ್ಲೇ ಇಲ್ಲದಿದ್ದರೆ ಕೀಳಿಸುವುದೇ ಸರಿ. ಎಕ್ಸ್‌ರೇ ತೋರಿಸಿ, ಇದು ಎಷ್ಟು ವರ್ಷ ಬಾಳೀತು, ಕೀಳಿಸಿದರೆ ಮುಂದೇನು ಅಂತ ಕೇಳಿ. ಆದರೆ ಕುರ್ಚಿಯಲ್ಲಿ ಒರಗುವ ಮೊದಲೇ ಕೇಳಿ. ಬಾಯಿ ಕಳೆದು ಮಲಗಿದವರು ಚರ್ಚೆ ಮಾಡಲಾಗುವುದಿಲ್ಲ; ಡಾಕ್ಟರು ಕೇಳಿದ್ದಕ್ಕೆಲ್ಲ "ಆಂ, ಆಂ" ಅನ್ನುವುದಷ್ಟೇ ಆಗುತ್ತದೆ.

ಇಂಜೆಕ್ಷನ್ ಭಯ ಬರೀ ಭಯವಲ್ಲ, ಅದಕ್ಕೊಂದು ಕಾರಣವಿದೆ. ಮರಗಟ್ಟಿಸುವ ಲಿಗ್ನೊಕೇನ್ ಜೊತೆ ಸಾಮಾನ್ಯವಾಗಿ ಒಂಚೂರು ಅಡ್ರಿನಲಿನ್ ಬೆರೆತಿರುತ್ತದೆ. ಅದು ಅಲ್ಲಿನ ರಕ್ತನಾಳಗಳನ್ನು ಬಿಗಿಮಾಡಿ ಔಷಧಿ ಬೇಗ ಇಳಿದುಹೋಗದಂತೆ ತಡೆಯುತ್ತದೆ. ಸ್ವಲ್ಪ ರಕ್ತಕ್ಕೆ ಸೇರಿದರೆ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಹೆದರಿದವರ ದೇಹ ತಾನೂ ಒಂದಷ್ಟು ಅಡ್ರಿನಲಿನ್ ಸುರಿಸುತ್ತದೆ, ಎರಡೂ ಸೇರಿದರೆ ಕೇಳಬೇಕೆ! ನಿಮಗೂ ಹೀಗೇ ಆಗಿರಬಹುದು, ಆದರೆ ನಡೆದದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬಿಪಿ ನೋಡುತ್ತಾರೆ, ಬೇಕಾದರೆ ಅಡ್ರಿನಲಿನ್ ಇಲ್ಲದ ಇಂಜೆಕ್ಷನ್ ಕೊಡುತ್ತಾರೆ. ಚುಚ್ಚುವ ಜಾಗಕ್ಕೆ ಮೊದಲು ಜೆಲ್ ಸವರಿ, ಔಷಧಿಯನ್ನು ನಿಧಾನಕ್ಕೆ ಬಿಟ್ಟರೆ ನೋವೂ ಕಡಿಮೆ. ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅಂದಹಾಗೆ ಲಿಗ್ನೊಕೇನ್ ತಯಾರಾದದ್ದೇ 1943ರಲ್ಲಿ, ಸ್ವೀಡನ್ನಿನಲ್ಲಿ. ನಮ್ಮ ಹಳ್ಳಿಗಳ ತನಕ ಬರಲು ಅದಕ್ಕೆ ಬಹಳ ಕಾಲ ಹಿಡಿಯಿತು. ನಾವು ಕೇಳಿ ಬೆಳೆದ ಹಲ್ಲು ಕೀಳಿಸಿದ ಕತೆಗಳಲ್ಲಿ ಎಷ್ಟೋ ಮರಗಟ್ಟಿಸದೆ ಕಿತ್ತವರದ್ದು.

ಯಜಮಾನರ ಸಡಿಲ ಹಲ್ಲಿನ ವಿಷಯ. ನಾಲಿಗೆಯ ತುದಿಯಿಂದ ಕೆಳಗಿನ ಮುಂಬಲ್ಲುಗಳ ಹಿಂಬದಿ ಸವರಿ ನೋಡಿ. ಒರಟಾಗಿ, ಹಲ್ಲುಗಳೆಲ್ಲ ಒಂದಕ್ಕೊಂದು ಅಂಟಿದಂತೆ ಸಿಕ್ಕಿದರೆ ಅದೇ ಕಿಟ್ಟ, ಕಲ್ಲಿನಂತೆ ಗಟ್ಟಿಯಾದ ಹಲ್ಲಿನ ಕೊಳೆ. ಜೊಲ್ಲಿನ ಗ್ರಂಥಿಗಳು ಅಲ್ಲೇ ನಾಲಿಗೆಯ ಕೆಳಗೆ ಬಾಯಿ ತೆರೆಯುವುದರಿಂದ ಅಲ್ಲಿ ಬೇಗ ಕಟ್ಟುತ್ತದೆ. ವರ್ಷಗಟ್ಟಲೆ ಬಿಟ್ಟರೆ ವಸಡು ಬಾತು, ಒಳಗಿನ ಎಲುಬು ಕರಗಿ, ಹಲ್ಲು ಹಿಡಿತ ಕಳೆದುಕೊಳ್ಳುತ್ತದೆ. ಬಿರುಕು ಬಿಟ್ಟ ಗೋಡೆಗೆ ಮೆತ್ತಿದ ಮಣ್ಣಿನಂತೆ ಅಷ್ಟು ದಿನ ಆ ಕಿಟ್ಟವೇ ಸಂದು ಮುಚ್ಚಿಕೊಂಡಿತ್ತು. ತೆಗೆದಾಗ ಸಂದು ಕಂಡಿತು, ಸಡಿಲ ಗೊತ್ತಾಯಿತು, ನಾಲ್ಕು ದಿನ ತಣ್ಣೀರಿಗೆ ಜುಮ್ಮೆಂದಿತು. ಅವರು ಮತ್ತೆ ಹೋಗಿ ವಸಡು ತೋರಿಸಬೇಕು, ಬಿಡುವುದಲ್ಲ. ನೀವೂ ತೋರಿಸಿ, ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ.

ಹೋಗುವಾಗ ರಕ್ತಪರೀಕ್ಷೆಗೆ ಹೋದಂತೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಬೆಳಗಿನ ಹೊತ್ತಿಗೆ ಸಮಯ ಕೇಳಿ, ತಿಂಡಿ ತಿಂದು ಮಾತ್ರೆ ನುಂಗಿ ಹೊರಡಿ. ಇತ್ತೀಚಿನ ಸಕ್ಕರೆ ರಿಪೋರ್ಟು, ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು ಜೊತೆಗಿರಲಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಖರ್ಚು ಯೋಚನೆಯಾದರೆ ತುಮಕೂರಿನಲ್ಲೇ ಡೆಂಟಲ್ ಕಾಲೇಜಿದೆ, ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಮಾಡುತ್ತಾರೆ. ಎರಡು ಸಲದ ಕೆಲಸಕ್ಕೆ ನಾಲ್ಕು ಸಲ ಓಡಾಡಬೇಕಾದೀತು, ಆದರೆ ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆಗೆ ಮುಗಿಯುತ್ತದೆ.

ಕೊನೆಗೆ ಕೀಳಿಸುವುದೇ ಸರಿಯೆಂದಾದರೆ, ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಆ ದಿನ ಉಗುಳುವುದು, ಬಾಯಿ ಮುಕ್ಕಳಿಸುವುದು, ಬಿಸಿ ಕಾಫಿ, ಎಲೆ ಅಡಿಕೆ ಯಾವುದೂ ಬೇಡ. ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಹಲ್ಲುನೋವಿಗಿಂತ ಕೆಟ್ಟ ನೋವು ಶುರುವಾಗುತ್ತದೆ. ಉಪ್ಪುನೀರು ಮರುದಿನದಿಂದ.

ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರುವುದರೊಳಗೆ ಕೆನ್ನೆ ಊದಿದರೆ, ರೆಪ್ಪೆ ಬಾತುಕೊಂಡರೆ, ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ ಮನೆಮದ್ದು, ಲವಂಗದೆಣ್ಣೆ ಅಂತ ಕೂರಬೇಡಿ ಎಂದು ನಿಮ್ಮ ವಿಳಾಸಕ್ಕೆ ಬೇರೆಯಾಗಿ ಕಾರ್ಡು ಹಾಕಿದ್ದೇನೆ. ಅಂಥದ್ದಕ್ಕೆ ಅಪಾಯಿಂಟ್‌ಮೆಂಟ್ ಕಾಯುವಂತಿಲ್ಲ, ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು.