ದುಡಿದು ಮರಳಿದವರ ಮೌನ

ಪ್ರಶ್ನೆ: ಹೊರದೇಶದಲ್ಲಿ ಹಲವು ವರ್ಷ ಕಟ್ಟಡ ಕೆಲಸ ಮಾಡಿದ ನನ್ನ ಪತಿ ಮನೆಗೆ ಮರಳಿ ಆರು ತಿಂಗಳಾಯಿತು. ಯಾರೊಂದಿಗೂ ಬೆರೆಯುವುದಿಲ್ಲ, ನಸುಕಿಗೆ ಮುಂಚೆಯೇ ಎದ್ದು ಸುಮ್ಮನೆ ಕುಳಿತಿರುತ್ತಾರೆ, ಮಕ್ಕಳು ಮಾತನಾಡಿಸಿದರೂ ರೇಗುತ್ತಾರೆ. ಇದು ಕಾಯಿಲೆಯೇ, ಸೋಮಾರಿತನವೇ?

ಉತ್ತರ: ಸೋಮಾರಿತನವೆಂಬ ಮಾತನ್ನು ದಯವಿಟ್ಟು ಅವರೆದುರು ಆಡಬೇಡಿ. ಅಲ್ಲಿ ಅವರ ದಿನಗಳನ್ನು ಪಾಳಿಯ ಹೊತ್ತು, ಜೊತೆಗಾರರ ಒಡನಾಟ ಮತ್ತು ತಿಂಗಳು ತಿಂಗಳು ಮನೆಗೆ ಹಣ ಕಳಿಸುವ ಹೊಣೆ ಹಿಡಿದಿಟ್ಟಿದ್ದವು. ಮರಳಿದೊಡನೆ ಈ ಮೂರೂ ಒಟ್ಟಿಗೇ ಕಳಚಿಕೊಳ್ಳುತ್ತವೆ, ಇತ್ತ ಮನೆಯೂ ಅವರಿಲ್ಲದೆ ನಡೆಯುವುದನ್ನು ರೂಢಿಸಿಕೊಂಡಿರುತ್ತದೆ. ಮರಳಿದ ಮೇಲೂ ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆಂದು ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ವಿವರಿಸಿದ್ದರು. ಅವರು ಗಮನಿಸಿದ್ದು ವಿದ್ಯಾವಂತರನ್ನು. ಸಾಲ ತೀರದೆ, ಬಾಕಿ ಕೂಲಿ ಕೈಸೇರದೆ ಮರಳುವ ಕಾರ್ಮಿಕರ ಪಾಡು ಅದಕ್ಕಿಂತ ಕಷ್ಟದ್ದೆಂದೇ ನನ್ನ ಭಾವನೆ.

ಮಂಕುತನ, ನಿರಾಸಕ್ತಿ, ನಿದ್ರಾಭಂಗಗಳು ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಉಳಿದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ನಸುಕಿಗೆ ಮುಂಚಿನ ಎಚ್ಚರವೂ ಅದರ ಪರಿಚಿತ ಲಕ್ಷಣ. ಮನೋವೈದ್ಯರೆಂದರೆ ಹಿಂಜರಿಯುವುದಾದರೆ, ಮೈಕೈ ನೋವಿನ ನೆಪದಲ್ಲಾದರೂ ಪರಿಚಯದ ವೈದ್ಯರ ಬಳಿ ಕರೆದೊಯ್ದು, ಅಲ್ಲಿನ ಕೆಲಸ, ಪೆಟ್ಟು, ಕಣ್ಣಾರೆ ಕಂಡ ಅಪಘಾತಗಳನ್ನೂ ಹೇಳಿಕೊಳ್ಳುವ ಅವಕಾಶ ಮಾಡಿಕೊಡಿ. ಬಂಧುಗಳು "ಎಷ್ಟು ಉಳಿಸಿದೆ?" ಎಂದು ಕೇಳುವಾಗ ನೀವೇ ಮಾತು ಬದಲಿಸಿ. ಮನೆಯ ಲೆಕ್ಕವನ್ನು ಅವರೊಂದಿಗೆ ಕುಳಿತೇ ನೋಡಿ, ಒಂದೆರಡು ತೀರ್ಮಾನಗಳನ್ನು ಅವರಿಗೇ ಬಿಡಿ. ಬದುಕು ಬೇಡವೆಂಬ ಮಾತು ಬಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.